ಸೋರ್ಸ್ ಕೋಡ್ ಸಹಿತ ಚಾರ್ಟ್ ಲೈಬ್ರರಿ ಕೊಳ್ಳುವವರು ಹಣ ಕಟ್ಟುವ ಮುನ್ನ ಓದಿ

‘ಸೋರ್ಸ್ ಕೋಡ್ ಮತ್ತು ಡೆವಲಪರ್ ಟೂಲ್ಸ್ ಸಹಿತ’ ಎಂಬ ಭರವಸೆಯನ್ನು ನಂಬಿ ಚಾರ್ಟ್ ಲೈಬ್ರರಿಯೊಂದಕ್ಕೆ (ವೆಬ್ ಪುಟದಲ್ಲಿ ಅಂಕಿಗಳನ್ನು ಚಿತ್ರವಾಗಿ ಬಿಡಿಸುವ ಸಿದ್ಧ ಕೋಡಿಗೆ) ದುಬಾರಿ ಲೈಸೆನ್ಸ್ ಪಡೆಯಲು ಹೊರಟಿರುವವರು ದಯವಿಟ್ಟು ಸ್ವಲ್ಪ ತಡೆಯಿರಿ. ಶಿವಮೊಗ್ಗದ ನಮ್ಮ ಸಣ್ಣ ತಂಡಕ್ಕೆ ಆದ ನಷ್ಟ ಇನ್ನೊಂದು ತಂಡಕ್ಕೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಡಿಕೆ ಬೆಳೆಗಾರರಿಗಾಗಿ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆಯನ್ನೂ ಜಿಲ್ಲೆಯ ತಾಲ್ಲೂಕುವಾರು ಮಳೆಯನ್ನೂ ಕನ್ನಡದಲ್ಲೇ ತೋರಿಸುವ ಪುಟವೊಂದನ್ನು ನಾವು ಸಿದ್ಧಪಡಿಸುತ್ತಿದ್ದೆವು. ಆಯ್ದುಕೊಂಡ ಲೈಬ್ರರಿ ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಅಕ್ಷದ ಮೇಲಿನ ಹೆಸರು ಉದ್ದವಾದರೆ ಅದು ಅಗಲವನ್ನು ಅಳೆಯದೆ ಯೂನಿಕೋಡ್ ಸಂಕೇತಗಳನ್ನು (ಅಕ್ಷರ, ಸ್ವರಚಿಹ್ನೆ, ಹಲಂತಗಳಿಗೆ ಒಂದೊಂದರಂತೆ) ಎಣಿಸಿ ಎಂಟಕ್ಕೆ ಕತ್ತರಿಸುತ್ತಿತ್ತು. ‘ಶಿವಮೊಗ್ಗ’ ಮತ್ತು ‘ಭದ್ರಾವತಿ’ ಸರಿಯಾಗಿ ಎಂಟೇ ಸಂಕೇತಗಳಾದ್ದರಿಂದ ಉಳಿದುಕೊಂಡವು. ಹತ್ತು ಸಂಕೇತಗಳ ‘ತೀರ್ಥಹಳ್ಳಿ’ ಮಾತ್ರ ಒತ್ತಕ್ಷರದ ನಡುವೆಯೇ ತುಂಡಾಗಿ ‘ತೀರ್ಥಹಳ್’ ಎಂದು ನಿಂತಿತು, ‘ಶಿಕಾರಿಪುರ’ ಕೊನೆಯ ಅಕ್ಷರ ಕಳೆದುಕೊಂಡಿತು. ತಮ್ಮ ಊರಿನ ಹೆಸರನ್ನೇ ಹೀಗೆ ಓದಬೇಕಾದ ಬೆಳೆಗಾರರು ಅದರ ಪಕ್ಕದ ಅಂಕಿಯನ್ನು ಏಕೆ ನಂಬಬೇಕು? ನಾವೇ ತಿದ್ದಿಕೊಳ್ಳೋಣವೆಂದು, ಸಾಮಾನ್ಯ ಲೈಸೆನ್ಸಿಗಿಂತ ಹಲವು ಪಟ್ಟು ಬೆಲೆಯ ಸೋರ್ಸ್ ಲೈಸೆನ್ಸನ್ನು ಪಡೆದೆವು.

ಬಂದ ಜಿಪ್ ಕಡತದಲ್ಲಿ ಇದ್ದದ್ದು ಟಿಪ್ಪಣಿಗಳನ್ನೆಲ್ಲ ಕಿತ್ತುಹಾಕಿ, ವೇರಿಯಬಲ್‌ಗಳ ಹೆಸರನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿ, ಮೇಲೆ ಸಾಲು ಮುರಿದು ಜೋಡಿಸಿದ ಜಾವಾಸ್ಕ್ರಿಪ್ಟ್. ಅಂದರೆ ಮಿನಿಫೈ ಆದ, ಎಂದರೆ ಗಾತ್ರ ಕುಗ್ಗಿಸಲು ಹಿಂಡಿದ, ಕೋಡನ್ನೇ ಬಿಡಿಸಿ ಕೊಟ್ಟಿದ್ದರು. ಹಿಂಡಿದ ಕೋಡನ್ನು ಮೂಲಕ್ಕೆ ಹೊಂದಿಸಿ ತೋರಿಸಲೆಂದು ಜೊತೆಗಿದ್ದ ಸೋರ್ಸ್ ಮ್ಯಾಪಿನಲ್ಲಿ ಮೂಲ ಕಡತಗಳ ಹೆಸರುಗಳಿದ್ದವೇ ಹೊರತು ಅವುಗಳ ಪಠ್ಯ ಇರಲಿಲ್ಲ. ಮೂಲ ಕೋಡಿನಿಂದ ಬಳಸಬಲ್ಲ ಲೈಬ್ರರಿಯನ್ನು ಕಟ್ಟುವ ಬಿಲ್ಡ್ ಸ್ಕ್ರಿಪ್ಟ್ ಓಡಿಸಿದರೆ ಅದು ಕಂಪನಿಯ ಆಂತರಿಕ ಪ್ಯಾಕೇಜ್ ಸರ್ವರ್ ಬಾಗಿಲಿಗೆ ಹೋಗಿ, ಅನುಮತಿ ಇಲ್ಲವೆಂಬ 401 ದೋಷದೊಡನೆ ನಿಂತುಬಿಡುತ್ತಿತ್ತು. ಟೆಸ್ಟ್‌ಗಳು ಒಂದೂ ಇರಲಿಲ್ಲ. ಇದಕ್ಕಿಂತ ನೋವಾದ ಸಂಗತಿಯೆಂದರೆ, ಕೊಟ್ಟ ಕೋಡು ನಾವು ಬಳಸುತ್ತಿದ್ದ ಆವೃತ್ತಿಗಿಂತ ಹಳೆಯದಾಗಿದ್ದು, ಅದರಲ್ಲಿ ಮಾಡಿದ ತಿದ್ದುಪಡಿ ನಮ್ಮ ಪುಟಕ್ಕೆ ಹೊಂದುವಂತೆಯೇ ಇರಲಿಲ್ಲ.

ಕೇಳಿದ್ದಕ್ಕೆ ಬಂದ ಉತ್ತರ ಸೌಜನ್ಯದ್ದೇ: ಕರಾರಿನಲ್ಲಿ ‘ಸೋರ್ಸ್ ಕೋಡ್’ ಎಂದಿದೆ, ಕೊಟ್ಟಿದ್ದೇವೆ, ಡೌನ್‌ಲೋಡ್ ಆದ ಮೇಲೆ ಹಣ ಹಿಂದಿರುಗಿಸುವುದಿಲ್ಲ, ಕೋಡನ್ನು ತಿದ್ದಿದರೆ ಸಪೋರ್ಟ್ ಇರುವುದಿಲ್ಲ. ಬೆಂಗಳೂರಿಗೆ ಹೊರಟುಹೋದ ಸಹೋದ್ಯೋಗಿಯ ಸೀಟನ್ನು (ಒಬ್ಬರ ಬಳಕೆಯ ಲೈಸೆನ್ಸನ್ನು) ಹೊಸಬರ ಹೆಸರಿಗೆ ವರ್ಗಾಯಿಸಲು ಮತ್ತೆ ಶುಲ್ಕ ಕೇಳಿದರು.

ಸೋರ್ಸ್ ಕೋಡ್ ಎಂದರೇನು ಎಂಬುದು ಹೊಸ ಪ್ರಶ್ನೆಯಲ್ಲ. ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಲೈಸೆನ್ಸಿನ 1991ರ ಎರಡನೆಯ ಆವೃತ್ತಿಯೇ, ಮಾರ್ಪಾಡು ಮಾಡಲು ಯಾವ ರೂಪ ಹೆಚ್ಚು ಅನುಕೂಲವೋ ಅದನ್ನೇ ಸೋರ್ಸ್ ಎಂದು ಕರೆದು, ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳನ್ನೂ ಅದರೊಳಗೆ ಸೇರಿಸಿದೆ. ವಾಣಿಜ್ಯ ಲೈಸೆನ್ಸಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಹಾಗಾಗಿ ಅದೇ ಅರ್ಥವನ್ನು ನಿಮ್ಮ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಬಿಡುಗಡೆಯಾದ ಪ್ರತಿ ಆವೃತ್ತಿಯ ಮೂಲವೂ ಟೆಸ್ಟ್‌ಗಳೊಡನೆ ಸಿಗಬೇಕು, ಕಂಪನಿಯ ಸರ್ವರ್ ಮುಟ್ಟದೆ ಬಿಲ್ಡ್ ಆಗಬೇಕು ಎಂಬುದೂ ಅದರಲ್ಲಿರಲಿ. ಹಣ ಕೊಡುವ ಮೊದಲು, ಅವರ ಲ್ಯಾಪ್‌ಟಾಪಿನ ಡೆಮೊ ನೋಡಿ ತೃಪ್ತರಾಗದೆ, ನಿಮ್ಮದೇ ಯಂತ್ರದಲ್ಲಿ ಒಂದು ಸಾಲು ಬದಲಾಯಿಸಿ ಬಿಲ್ಡ್ ಮಾಡಿ, ಆ ಬದಲಾವಣೆ ತೆರೆಯ ಮೇಲೆ ಕಾಣುವುದೇ ಎಂದು ಪರೀಕ್ಷಿಸಿ. ಇದಕ್ಕೆ ಒಪ್ಪದವರೊಡನೆ ವ್ಯವಹಾರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಮೂಲ ಕೋಡು ಎಲ್ಲರಿಗೂ ತೆರೆದಿರುವ ಮುಕ್ತ ಲೈಬ್ರರಿಗಳನ್ನೂ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಡಿ3 2011ರಿಂದಲೂ ಇದೆ, ಚಾರ್ಟ್.ಜೆಎಸ್ ಎಂಐಟಿ ಲೈಸೆನ್ಸಿನಲ್ಲಿಯೂ ಇ-ಚಾರ್ಟ್ಸ್ ಅಪಾಚೆ 2.0 ಲೈಸೆನ್ಸಿನಲ್ಲಿಯೂ ಸಿಗುತ್ತವೆ. ನಾವು ಈಗ ಇ-ಚಾರ್ಟ್ಸ್‌ಗೆ ಬದಲಾಯಿಸಿಕೊಂಡಿದ್ದೇವೆ. ಅಕ್ಷದ ಹೆಸರನ್ನು ರೂಪಿಸುವ ಫಂಕ್ಷನ್ನನ್ನು ನಾವೇ ಬರೆದು ಕೊಡಲು ಅದರಲ್ಲಿ ಅವಕಾಶವಿರುವುದರಿಂದ ಏಳೂ ತಾಲ್ಲೂಕುಗಳ ಹೆಸರು ಪೂರ್ತಿಯಾಗಿ ಕಾಣುತ್ತಿವೆ. ಹಳೆಯ ಲೈಬ್ರರಿಗೆ ಕಟ್ಟಿದ ಹಣ ಮಾತ್ರ ಹಿಂದಿರುಗಿಲ್ಲ. ಆ ಬಗ್ಗೆ ವಕೀಲರ ಮೂಲಕ ಪತ್ರ ಬರೆದಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.