ಯಾರು ಹೋಗುತ್ತಾರೆ ಎಂದು ಊಹಿಸುವ ಆಟ: ಒಂದು ವರ್ಷ ಆಡಿದ ಮೇಲೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ವಿಮಾ ಏಜೆಂಟ್. ಇಪ್ಪತ್ತೊಂದು ವರ್ಷವಾಯಿತು. ಸಾವಿನ ವಿಷಯ ಮಾತಾಡದೆ ನನಗೆ ಊಟ ಹುಟ್ಟುವುದಿಲ್ಲ. ಹಾಗಾಗಿ 2024ರ ಡಿಸೆಂಬರ್ 31ರ ರಾತ್ರಿ ಮೈದುನನ ಮಗ ಬೆಂಗಳೂರಿನಿಂದ ಬಂದು, "ದೊಡ್ಡಮ್ಮ, ನಿಮಗೇ ಅಂತ ಮಾಡಿದ ಆಟ ಇದು" ಅಂತ ನನ್ನ ಫೋನಿಗೆ ಒಂದು ಆ್ಯಪ್ ಹಾಕಿದಾಗ ನಾನು ಬೇಡ ಅನ್ನಲಿಲ್ಲ. ಮುಂದಿನ ವರ್ಷ ತೀರಿಹೋಗಬಹುದಾದ ವಯಸ್ಸಾದ ಪ್ರಸಿದ್ಧರ ಹೆಸರು ಊಹಿಸಿ ಬರೆಯುವ ಆಟ. ಆ್ಯಪಿನ ಹೆಸರು ಇಲ್ಲಿ ಬೇಡ. ಇಂಥವು ಹಲವು ಇವೆ, ನಿಯಮ ಎಲ್ಲ ಸುಮಾರು ಒಂದೇ. ಬ್ರಿಟನ್ನಿನಲ್ಲಿ 1987ರಿಂದಲೇ ಪ್ರತಿ ವರ್ಷ ಐವತ್ತು ಹೆಸರಿನ ಪಟ್ಟಿ ಮಾಡುವ ಒಂದು ಗುಂಪು ಇದೆ.

ನಿಯಮ ಹೀಗೆ. ಜನವರಿ 1ರೊಳಗೆ ಹತ್ತು ಹೆಸರು ಕೊಡಬೇಕು. ಆಮೇಲೆ ಬದಲಿಸುವ ಹಾಗಿಲ್ಲ. ಪಟ್ಟಿಯಲ್ಲಿದ್ದವರು ಆ ವರ್ಷ ತೀರಿಕೊಂಡರೆ ನೂರರಿಂದ ಅವರ ವಯಸ್ಸು ಕಳೆದು ಉಳಿದಷ್ಟು ಅಂಕ. ತೊಂಬತ್ತಾದವರಿಗೆ ಹತ್ತು, ಎಂಬತ್ತಾದವರಿಗೆ ಇಪ್ಪತ್ತು. ನೂರು ದಾಟಿದವರು ಯಾರೇ ಇರಲಿ, ಒಂದೇ ಅಂಕ. ಒಂದು ಹೆಸರಿಗೆ ಜೋಕರ್ ಹಾಕಬಹುದು, ಆ ಅಂಕ ಎರಡರಷ್ಟಾಗುತ್ತದೆ. ಆಡಲಿಕ್ಕೆ ದುಡ್ಡಿಲ್ಲ. ₹199 ಕಟ್ಟಿದರೆ ಜಾಹೀರಾತು ಬರುವುದಿಲ್ಲ, ಪ್ರತಿ ಹೆಸರಿನ ಪಕ್ಕ ಅಪಾಯ ತೋರಿಸುವ ಒಂದು ಮೀಟರ್ ಸಿಗುತ್ತದೆ. ನಾನು ಕಟ್ಟಿದೆ. ಮೀಟರ್ ಹೇಗೆ ಲೆಕ್ಕ ಹಾಕುತ್ತದೆ ನೋಡಬೇಕಿತ್ತು.

ಹುಡುಗರು ತಲೆಗೆ ಐನೂರು ರೂಪಾಯಿ ಪಣ ಇಡೋಣ ಅಂದರು. ನಾನು ಒಪ್ಪಲಿಲ್ಲ. 1872ರ ಕರಾರು ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಕಾನೂನಿನ ಬೆಲೆ ಇಲ್ಲ ಅಂತ ಹೇಳಿದೆ. ನಿಜವಾದ ಕಾರಣ ಅದಲ್ಲ. ಆಚೆ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಅವರಿಗೆ ತೊಂಬತ್ತೊಂದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮೀಟರಿನ ಲೆಕ್ಕ ಸರಿಯಾಗಿದೆ. 1825ರಲ್ಲಿ ಬೆಂಜಮಿನ್ ಗಾಂಪರ್ಟ್ಜ್ ಅನ್ನುವ ಇಂಗ್ಲಿಷ್ ಗಣಿತಜ್ಞ ಕಂಡುಕೊಂಡದ್ದು ಇವತ್ತಿಗೂ ನಮ್ಮ ಪ್ರೀಮಿಯಂ ಲೆಕ್ಕದ ಬುಡದಲ್ಲಿದೆ. ದೊಡ್ಡವರಾದ ಮೇಲೆ ವಯಸ್ಸು ಹೆಚ್ಚಿದ ಹಾಗೆ ಸಾಯುವ ಸಾಧ್ಯತೆ ಒಂದೇ ಹದದಲ್ಲಿ ಗುಣಿಸುತ್ತಾ ಹೋಗುತ್ತದೆ. ಸುಮಾರು ಎಂಟು ವರ್ಷಕ್ಕೊಮ್ಮೆ ಎರಡು ಪಾಲು. ಎಪ್ಪತ್ತಕ್ಕೂ ಎಪ್ಪತ್ತೆಂಟಕ್ಕೂ ಪ್ರೀಮಿಯಂ ಯಾಕೆ ಅಷ್ಟು ವ್ಯತ್ಯಾಸ ಅಂತ ಗ್ರಾಹಕರು ನನ್ನ ಹತ್ತಿರ ಜಗಳ ಮಾಡುತ್ತಾರಲ್ಲ, ಉತ್ತರ ಇದು. ಆ್ಯಪಿನ ಮೀಟರ್ ಕೂಡ ಹೀಗೇ ಏರುತ್ತದೆ. ಲೆಕ್ಕ ಮಾಡಿದವರು ಕೆಲಸ ಬಲ್ಲವರು.

ಆದರೆ ಅದು ಸಾವಿರ ಜನರ ಲೆಕ್ಕ. ಒಬ್ಬರ ವಿಷಯದಲ್ಲಿ ಅದಕ್ಕೆ ಬಾಯಿಲ್ಲ. ಅಮೆರಿಕದ ಹಿಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ನೋಡಿ. 2023ರ ಫೆಬ್ರವರಿಯಲ್ಲಿ ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ಕೊನೆಯ ದಿನಗಳ ಆರೈಕೆ ಸಾಕು ಅಂದರು. ಇಂಥ ಪಟ್ಟಿ ಮಾಡುವವರಿಗೆ ಅದಕ್ಕಿಂತ ಗಟ್ಟಿ ಸುಳಿವು ಬೇಕಾ? ಆಮೇಲೂ ಸುಮಾರು ಇಪ್ಪತ್ತೆರಡು ತಿಂಗಳು ಬದುಕಿದರು. ಹೆಂಡತಿಯನ್ನು ಕಳುಹಿಸಿಕೊಟ್ಟರು, ನೂರು ತುಂಬಿಸಿದರು, 2024ರ ಡಿಸೆಂಬರ್ 29ಕ್ಕೆ ಹೋದರು. ನಮ್ಮ ಹುಡುಗ ಬರೆದಿಟ್ಟುಕೊಂಡಿದ್ದ ಹತ್ತು ಹೆಸರಿನಲ್ಲಿ ಅವರದೇ ಮೊದಲು. ಎರಡು ದಿನದ ಅಂತರದಲ್ಲಿ ಅಳಿಸಬೇಕಾಯಿತು.

ಪಟ್ಟಿ ಮಾಡುವಾಗ ಒಬ್ಬೊಬ್ಬರದು ಒಂದೊಂದು ಬಗೆ. ನಮ್ಮವರು, "ಪರಿಚಯ ಇಲ್ಲದವರನ್ನೇ ಹಾಕುತ್ತೇನೆ, ಬೇಜಾರಾಗುವುದಿಲ್ಲ" ಅಂತ ಹತ್ತೂ ಹಾಲಿವುಡ್ ನಟರ ಹೆಸರು ಬರೆದರು. ಫೆಬ್ರವರಿ 26ಕ್ಕೆ ಜೀನ್ ಹ್ಯಾಕ್‌ಮನ್ ತಮ್ಮ ಮನೆಯಲ್ಲಿ ಸತ್ತು ಬಿದ್ದಿರುವುದು ಗೊತ್ತಾಯಿತು. ತೊಂಬತ್ತೈದು ವರ್ಷ. ನೋಡಿಕೊಳ್ಳುತ್ತಿದ್ದ ಹೆಂಡತಿ ಸುಮಾರು ಒಂದು ವಾರ ಮೊದಲೇ ಅದೇ ಮನೆಯಲ್ಲಿ ತೀರಿಹೋಗಿದ್ದರು. ಇವರಿಗೆ ಮರೆವಿನ ಕಾಯಿಲೆ. ಆ ಒಂದು ವಾರ ಅವರು ಹೇಗಿದ್ದರೋ ದೇವರೇ ಬಲ್ಲ. ನಮ್ಮವರ ಫೋನಿನಲ್ಲಿ ಐದು ಅಂಕ ಬಂತು. ಅವರು ಆ ಸುದ್ದಿ ಪೂರ್ತಿ ಓದಿದರು. ಮತ್ತೆ ಆ್ಯಪ್ ತೆರೆಯಲೇ ಇಲ್ಲ.

ನಾನು ಏಜೆಂಟ್ ಬುದ್ಧಿಯಲ್ಲಿ ಹೆಸರು ಆರಿಸಿದ್ದೆ. ಪೋಪ್ ಫ್ರಾನ್ಸಿಸ್ ಅವರಿಗೆ ಎಂಬತ್ತೆಂಟು. ಸಣ್ಣ ಪ್ರಾಯದಲ್ಲೇ ಶ್ವಾಸಕೋಶದ ಒಂದು ಭಾಗ ತೆಗೆದಿದ್ದರು. ಪ್ರಪೋಸಲ್ ಫಾರ್ಮಿನಲ್ಲಿ ಅಂಥದ್ದು ಕಂಡರೆ ಮೇಲಿನ ಆಫೀಸಿನಿಂದ ಪ್ರಶ್ನೆ ಬರುವುದು ಖಂಡಿತ. ಹಾಗಾಗಿ ಬರೆದೆ. ಫೆಬ್ರವರಿ 14ಕ್ಕೆ ಅವರನ್ನು ಆಸ್ಪತ್ರೆಗೆ ಸೇರಿಸಿದರು, ಎರಡೂ ಕಡೆ ನ್ಯುಮೋನಿಯಾ. ಐದು ವಾರ. ಆ ಐದು ವಾರ ನಾನು ದಿನಾ ಬೆಳಗ್ಗೆ ಎದ್ದ ಕೂಡಲೇ ಅವರ ಸುದ್ದಿ ನೋಡುತ್ತಿದ್ದೆ. ಹುಷಾರಾಗಲಿ ಅಂತಲಾ? ಹಾಗಂತ ಎದೆಮುಟ್ಟಿ ಹೇಳಲಾರೆ. ಮಾರ್ಚ್ 23ಕ್ಕೆ ಬಿಡುಗಡೆಯಾಗಿ ಮನೆಗೆ ಹೋದರು.

ಏಪ್ರಿಲ್ 21, ಸೋಮವಾರ. ಬೇಳದ ಹತ್ತಿರ ಒಬ್ಬ ಕ್ರಿಶ್ಚಿಯನ್ ಬಾಯಮ್ಮನ ಮನೆಗೆ ಕಂತಿನ ರಶೀದಿ ಕೊಡಲಿಕ್ಕೆ ಹೋಗಿದ್ದೆ. ಹಿಂದಿನ ದಿನ ಈಸ್ಟರ್. ಚಹಾದ ಜೊತೆ ಕೇಕ್ ತುಂಡು ಇಟ್ಟಿದ್ದರು. ಒಂದೂವರೆ ಆಗಿರಬೇಕು. ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟಿದ್ದ ನನ್ನ ಫೋನ್ ಗುಂಯ್ ಅಂತು. ಪರದೆ ತುಂಬ ಬಣ್ಣದ ಕಾಗದದ ಚೂರು ಉದುರಿದವು. ನಡುವೆ ದಪ್ಪ ಅಕ್ಷರದಲ್ಲಿ ಅಭಿನಂದನೆ, ಕೆಳಗೆ ಪೋಪರ ಫೋಟೋ, ಹನ್ನೆರಡು ಅಂಕ. ನಾನು ಫೋನ್ ಮಗುಚಿ ಹಾಕುವಷ್ಟರಲ್ಲಿ ಒಳಗೆ ಟಿವಿಯಲ್ಲಿ ಸುದ್ದಿ ಬಂತು. ಬಾಯಮ್ಮ ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದುಕೊಂಡು ನಿಂತರು. "ನಿನ್ನೆ ತಾನೇ ಜನರ ನಡುವೆ ಗಾಡಿಯಲ್ಲಿ ಬಂದು ಕೈ ಬೀಸಿದರಲ್ಲ ಅಕ್ಕಾ" ಅಂದರು. ಆಮೇಲೆ ಕುರ್ಚಿಯಲ್ಲಿ ಕೂತು ಅತ್ತರು. ನಾನು ಅವರ ಬೆನ್ನು ಸವರಿದೆ. ಮಗುಚಿ ಹಾಕಿದ ಫೋನ್ ಮೇಜಿನ ಮೇಲೆ ಇನ್ನೊಮ್ಮೆ ಗುಂಯ್ ಅಂತು. ಹುಡುಗ ಗುಂಪಿನಲ್ಲಿ "ಸೂಪರ್ ದೊಡ್ಡಮ್ಮ" ಅಂತ ಬರೆದಿದ್ದ.

ಈ ಬಣ್ಣದ ಕಾಗದ ಉದುರುವುದನ್ನು ನಿಲ್ಲಿಸಲಿಕ್ಕೆ ಆ್ಯಪಿನಲ್ಲಿ ದಾರಿಯೇ ಇಲ್ಲ. ಹುಡುಕಿ ಸಾಕಾಯಿತು. ಸೂಚನೆ ಪೂರ್ತಿ ಬಂದ್ ಮಾಡಬಹುದು, ಅಷ್ಟೇ. ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ.

ಅಂಕದ ನಿಯಮದ ಬಗ್ಗೆ ನನ್ನ ತಕರಾರು ಇದಕ್ಕಿಂತ ದೊಡ್ಡದು. ಪ್ರಾಯ ಸಣ್ಣದಾದಷ್ಟೂ ಅಂಕ ಜಾಸ್ತಿ. ಆಟದ ದೃಷ್ಟಿಯಿಂದ ಸರಿ, ಊಹಿಸಲಿಕ್ಕೆ ಕಷ್ಟವಾದದ್ದಕ್ಕೆ ಹೆಚ್ಚು ಅಂಕ. ಆದರೆ ಈ ಲೆಕ್ಕದಲ್ಲಿ 2021ರ ಅಕ್ಟೋಬರ್ 29ಕ್ಕೆ ಏನು ಬೆಲೆ? ಪುನೀತ್ ರಾಜ್‌ಕುಮಾರ್ ಅವರಿಗೆ ನಲವತ್ತಾರು. ಐವತ್ತನಾಲ್ಕು ಅಂಕ. ಆ ದಿನ ಇಲ್ಲಿ ಮಲಯಾಳ ಮಾತಾಡುವ ಅಂಗಡಿಯವರೂ ಮೊಬೈಲ್ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಅಂಥ ದಿನವೇ ಯಾರಿಗೋ ಜಾಕ್‌ಪಾಟ್ ಆಗುವ ಹಾಗೆ ನಿಯಮ ಮಾಡಿದ್ದಾರೆ.

ಆಚೆ ತುದಿಯಲ್ಲಿ ನೂರು ದಾಟಿದವರು. ಜುಲೈ 21ಕ್ಕೆ ಕೇರಳದ ಹಿಂದಿನ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತೀರಿಕೊಂಡರು, ನೂರ ಒಂದು ವರ್ಷ. ಮೈದುನನ ಮಗಳು ಅವರ ಹೆಸರು ಹಾಕಿದ್ದಳು. ಅಂಕ ಒಂದು. ನಮ್ಮ ಮನೆ ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲ ಕಂಡ ಊರು. ಪಡ್ರೆ, ಸ್ವರ್ಗ ಕಡೆಯ ಕೆಲವು ಮನೆಗಳಿಗೆ ನಾನು ಪಾಲಿಸಿಯ ಮಾತು ಹಿಡಿದುಕೊಂಡು ಹೋಗಿ, ಹಾಸಿಗೆಯಲ್ಲಿದ್ದ ಮಕ್ಕಳನ್ನು ನೋಡಿ, ಫಾರ್ಮ್ ಚೀಲದಿಂದ ತೆಗೆಯದೆ ವಾಪಸ್ ಬಂದಿದ್ದೇನೆ. 2011ರ ಏಪ್ರಿಲ್ 25ಕ್ಕೆ ಆ ವಿಷಕ್ಕೆ ನಿಷೇಧ ಬೇಕು ಅಂತ ಮುಖ್ಯಮಂತ್ರಿಯಾಗಿದ್ದುಕೊಂಡೇ ಉಪವಾಸ ಕೂತ ಮನುಷ್ಯ ವಿಎಸ್. ಆಗ ಅವರಿಗೆ ಎಂಬತ್ತೇಳು. ಮೇ 13ಕ್ಕೆ ಸುಪ್ರೀಂ ಕೋರ್ಟ್ ನಿಷೇಧಿಸಿತು. ಅವರ ಪಾರ್ಥಿವ ಶರೀರ ತಿರುವನಂತಪುರದಿಂದ ಆಲಪ್ಪುಳಕ್ಕೆ ಹೋಗುವಾಗ ರಾತ್ರಿಯಿಡೀ ಮಳೆಯಲ್ಲಿ ಜನ ರಸ್ತೆ ಬದಿ ನಿಂತಿದ್ದನ್ನು ಟಿವಿಯಲ್ಲಿ ನೋಡಿದೆವು. ಹುಡುಗಿ ಎದ್ದು ಹೋಗಿ ಫೋನ್ ಚಾರ್ಜಿಗೆ ಹಾಕಿ ಬಂದಳು, ಅಂಕದ ಮಾತೆತ್ತಲಿಲ್ಲ.

ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೂ ಈ ಆಟದಲ್ಲಿ ಸಿಗುತ್ತಿದ್ದದ್ದು ಅದೇ ಒಂದು. 2015ರ ಜೂನ್ 8ಕ್ಕೆ ನೂರು ತುಂಬಿತು, ಆಗಸ್ಟ್ 9ಕ್ಕೆ ಹೋದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ 1956ರಿಂದ ಕಾದ ಮನುಷ್ಯ. ಅವರು ಇನ್ನೂ ಒಂದು ವರ್ಷ ಇರಲಿ ಅಂತ ನಾವೆಲ್ಲ ಕಾಯುತ್ತಿದ್ದೆವು. ಈ ಆಟ ಕಾಯುವುದು ಅದಕ್ಕೆ ತಿರುಗಾಮುರುಗಾ.

ಅಂದ ಹಾಗೆ, ಹೆಸರು ಹುಡುಕುವ ಪಟ್ಟಿ ಬಹಳ ಕೊರತೆಯದು. ಇಂಗ್ಲಿಷ್ ಪೇಪರಿನಲ್ಲಿ ಬರುವವರು ಮಾತ್ರ ಪ್ರಸಿದ್ಧರು ಅಂತ ಲೆಕ್ಕ. ಯಕ್ಷಗಾನದವರು ಒಬ್ಬರೂ ಇಲ್ಲ. ಮಾತುಗಾರಿಕೆಗೆ ಹೆಸರಾದ ಕುಂಬಳೆ ಸುಂದರ ರಾವ್ 2022ರ ನವೆಂಬರ್ 30ಕ್ಕೆ ಹೋದರು, ಪದ ಹಾಡುವ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿ 16ಕ್ಕೆ. ಮೂರು ತಿಂಗಳೊಳಗೆ ಮಾತು, ಪದ ಎರಡೂ ಹೋಯಿತಲ್ಲ ಅಂತ ಅತ್ತೆ ಎಷ್ಟು ದಿನ ಹೇಳಿಕೊಂಡಿದ್ದರು! ಹಳೆಯ ಹೆಸರುಗಳೂ ಸಿಗುತ್ತವಾ ಅಂತ ಇಬ್ಬರನ್ನೂ ಹುಡುಕಿದೆ. ಆ್ಯಪಿಗೆ ಅವರು ಗೊತ್ತೇ ಇಲ್ಲ. ಈ ಒಂದು ವಿಷಯದಲ್ಲಿ ಅದಕ್ಕೆ ಗೊತ್ತಿಲ್ಲದ್ದೇ ಒಳ್ಳೆಯದಾಯಿತು ಅನಿಸಿತು.

ಸುದ್ದಿ ಖಚಿತ ಮಾಡುವ ವ್ಯವಸ್ಥೆಯೂ ದುರ್ಬಲ. ಎರಡು ಕಡೆ ಸುದ್ದಿ ಬಂದರೆ ಅಂಕ ಕೊಡುತ್ತಾರೆ. ಆದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿದರೆ ಅದು ಎರಡು ಹೇಗಾಗುತ್ತದೆ? ನವೆಂಬರ್ 11ರ ಬೆಳಗ್ಗೆ ಧರ್ಮೇಂದ್ರ ತೀರಿಕೊಂಡರು ಅಂತ ಹಬ್ಬಿತು. ಹುಡುಗ ಅವರಿಗೆ ಜೋಕರ್ ಹಾಕಿದ್ದ. ಎಂಬತ್ತೊಂಬತ್ತು ವರ್ಷ, ಹನ್ನೊಂದು ಅಂಕ, ಎರಡರಷ್ಟು ಇಪ್ಪತ್ತೆರಡು. ಮಗಳು ಇಶಾ ಡಿಯೋಲ್, ಹೆಂಡತಿ ಹೇಮಾ ಮಾಲಿನಿ ಇಬ್ಬರೂ ಸುಳ್ಳು ಅಂತ ಹೇಳಿದ ಮೇಲೆ ಅಂಕ ಕಳೆದರು. ಮನೆಯವರ ಸ್ಥಿತಿ ಏನಾಗಿರಬೇಡ! ಅತ್ತೆ ಮಾತ್ರ, "ಸತ್ತ ಸುದ್ದಿ ಸುಳ್ಳಾದರೆ ಆಯುಷ್ಯ ಜಾಸ್ತಿ ಮಗಾ" ಅಂದರು. ಹದಿಮೂರು ದಿನ ಕಳೆದು, 24ಕ್ಕೆ, ಅವರು ನಿಜವಾಗಿ ಹೋದರು. ಇಪ್ಪತ್ತೆರಡು ಅಂಕ ಮತ್ತೆ ಬಂತು. ನಮ್ಮ ನಾಲ್ವರಲ್ಲಿ ಹುಡುಗನೇ ಗೆದ್ದ.

ಇಂಥ ಸುಳ್ಳು ಸುದ್ದಿ ಬಂದಾಗೆಲ್ಲ ನನಗೆ 2020ರ ಜೂನ್ ನೆನಪಾಗುತ್ತದೆ. ಎಸ್. ಜಾನಕಿಯಮ್ಮ ಹೋದರು ಅಂತ ಯಾರೋ ಹಬ್ಬಿಸಿದ್ದರು. ಅಮ್ಮ ಚೆನ್ನಾಗಿದ್ದಾರೆ ಅಂತ ಎಸ್‌ಪಿಬಿ ವಿಡಿಯೋ ಮಾಡಿ ಹೇಳಿದರು, ಸಿಟ್ಟಿನಿಂದಲೇ. ಜಾನಕಿಯಮ್ಮನಿಗಿಂತ ಎಂಟು ವರ್ಷ ಚಿಕ್ಕವರು ಅವರು. ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿಯೇ ಹೋದರು. ಯಾವ ಮೀಟರ್ ಹೇಳುತ್ತಿತ್ತು ಅದನ್ನು?

ನಮ್ಮ ಕಡೆ ಜೋಯಿಸರು ಕವಡೆ ಇಟ್ಟು ಮದುವೆ, ಮನೆ, ಕೇಸು ಎಲ್ಲ ಹೇಳುತ್ತಾರೆ. ಆಯುಷ್ಯ ಕೇಳಿದರೆ ಬಾಯಿ ಬಿಡುವುದಿಲ್ಲ. ಗೊತ್ತಿದ್ದರೂ ಹೇಳಬಾರದು ಅಂತ ಅವರ ಪದ್ಧತಿ. ನನ್ನ ಕಸುಬಿನಲ್ಲೂ ಒಂದು ಗಡಿ ಇದೆ. ಹಿಂದೆ ಲಂಡನ್ನಿನಲ್ಲಿ ಸಂಬಂಧವೇ ಇಲ್ಲದ ದೊಡ್ಡ ಮನುಷ್ಯರ ಜೀವದ ಮೇಲೆ ಪಾಲಿಸಿ ಮಾಡಿಸಿ, ಅವರು ಯಾವಾಗ ಸಾಯುತ್ತಾರೆ ಅಂತ ಕಾಯುವ ದಂಧೆ ನಡೆಯುತ್ತಿತ್ತು. 1774ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯಿದೆ ತಂದು ನಿಲ್ಲಿಸಿತು. ಯಾರು ಬದುಕಿದ್ದರೆ ನಿನಗೆ ಲಾಭವೋ, ಯಾರು ಹೋದರೆ ನಿನಗೆ ನಷ್ಟವೋ, ಅವರ ಜೀವದ ಮೇಲೆ ಮಾತ್ರ ಪಾಲಿಸಿ. ಏಜೆಂಟ್ ಪರೀಕ್ಷೆಗೆ ಓದುವಾಗ ಇದನ್ನು ಇನ್ಶೂರೆಬಲ್ ಇಂಟರೆಸ್ಟ್ ಅಂತ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಬೇಳದ ಆ ಮನೆಯಲ್ಲಿ. ಪೋಪರು ಹೋದದ್ದರಿಂದ ಬಾಯಮ್ಮನಿಗೆ ನಷ್ಟವಾಗಿತ್ತು. ನನಗೆ ಹನ್ನೆರಡು ಅಂಕ ಬಂದಿತ್ತು.

ಇದರಿಂದ ಒಳ್ಳೆಯದಾಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೈದುನನ ಮಗಳು ಬಿ. ಸರೋಜಾದೇವಿ ಅವರ ಹೆಸರು ಹಾಕುವಾಗ ಅವರು ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಜುಲೈ 14ಕ್ಕೆ ಅವರು ಹೋದಾಗ ಅಜ್ಜಿಯ ಪಕ್ಕ ಕೂತು, ಕಿತ್ತೂರು ಚೆನ್ನಮ್ಮನ ಪಾತ್ರದ ದೃಶ್ಯ ಫೋನಿನಲ್ಲಿ ಹಾಕಿಕೊಟ್ಟಳು. ಅತ್ತೆ ಎರಡು ಸಲ ನೋಡಿದರು. ಮೊದಲ ಸಲ ನೋಡಿದ ಟಾಕೀಸು, ಜೊತೆಗೆ ಬಂದಿದ್ದ ಅಕ್ಕ, ವಾಪಸ್ ನಡೆದು ಬಂದ ದಾರಿ ಎಲ್ಲ ಹೇಳಿದರು. ನನಗೂ ಹೊಸದು ಅದೆಲ್ಲ. ಆದರೆ ಅದಕ್ಕೆ ಆ ನಟಿ ಸಾಯುವ ತನಕ ಕಾಯಬೇಕಿತ್ತಾ? ಬದುಕಿರುವ ಹಿರಿಯರ ಬಗ್ಗೆ ಇದೇ ಕೆಲಸ ಮಾಡಿಸುವ ಒಂದು ಆಟ ಯಾರಾದರೂ ಮಾಡಿದರೆ ₹199 ಅಲ್ಲ, ಐನೂರು ಕೊಡುತ್ತೇನೆ.

ಲೆಕ್ಕಕ್ಕೆ, ಬಳಸುವ ಸುಲಭಕ್ಕೆ ಐದರಲ್ಲಿ ಎರಡು ನಕ್ಷತ್ರ. ಉಳಿದ ಮೂರು ಕೊಡಲಿಕ್ಕೆ ಮನಸ್ಸಿಲ್ಲ.

ಈಗಾಗಲೇ ದುಡ್ಡು ಕಟ್ಟಿದವರಿಗೆ ಒಂದು ಮಾತು. ಆ್ಯಪ್ ಅಳಿಸಿದರೆ ಸಾಲದು. ಜನವರಿ 1ಕ್ಕೆ ₹199 ತಾನಾಗಿ ಕಟ್ ಆಗುತ್ತದೆ. ಫೋನಿನ ಸಬ್‌ಸ್ಕ್ರಿಪ್ಷನ್ ಪುಟಕ್ಕೆ ಹೋಗಿ ಡಿಸೆಂಬರ್ 30ರೊಳಗೆ ರದ್ದು ಮಾಡಿ. ರದ್ದು ಮಾಡುವಾಗ ಕಾರಣ ಕೇಳುತ್ತಾರೆ, ನಾಲ್ಕು ಆಯ್ಕೆ ಕೊಡುತ್ತಾರೆ. ನನ್ನ ಕಾರಣ ಆ ನಾಲ್ಕರಲ್ಲಿ ಇರಲಿಲ್ಲ. "ಇತರೆ" ಒತ್ತಿ, ಬೇಳದ ಮನೆಯ ವಿಷಯವನ್ನು ಕನ್ನಡದಲ್ಲೇ ಬರೆದು ಕಳುಹಿಸಿದೆ.