ಹಳೇ ಕಾರು ಗುಜರಿಗೆ ಕೊಟ್ಟೆ: ಸೇವೆ ಚೆನ್ನಾಗಿದೆ, ಸರ್ಕಾರದ ಪ್ರೋತ್ಸಾಹ ಸಾಲದು

ಹಳೇ ಕಾರನ್ನು ಸರ್ಕಾರದ ಮಾನ್ಯತೆ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟರೆ ಲಾಭವಿದೆಯಾ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ 2004ರ ವ್ಯಾಗನ್ ಆರ್ ಕೊಟ್ಟಾಯಿತು. ಕೆಲಸ ಸಲೀಸಾಗಿ ಮುಗಿಯಿತು, ಕಾಗದಪತ್ರ ಪಕ್ಕಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಕಾರಿಗೆ ಸಿಗುವ ರಿಯಾಯಿತಿಯನ್ನು ನಂಬಿಕೊಂಡು ಹೋಗಬೇಡಿ. ಸೇವೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಪ್ರೋತ್ಸಾಹದ ಲೆಕ್ಕಾಚಾರಕ್ಕೆ ಎರಡೇ.

ಕೊಡುವ ಮನಸ್ಸು ಬಂದಿದ್ದು ಶುಲ್ಕ ನೋಡಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇತ್ತು, ಆಮೇಲೆ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ಜೊತೆಗೆ ಟೈರ್, ಬ್ಯಾಟರಿ, ಇನ್ಶೂರೆನ್ಸ್, ತುಕ್ಕು ಹಿಡಿದ ಸೈಲೆನ್ಸರ್. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಮತ್ತೆ ಕವರ್ ಹೊದಿಸುವ ಕಾರಿಗೆ ಇಷ್ಟು ಸುರಿಯೋದು ಸರಿ ಅನ್ನಿಸಲಿಲ್ಲ.

ಬೆಂಗಳೂರಿನ ಹೊರಗಿನ ಒಂದು ಕೇಂದ್ರದವರನ್ನು ಸಂಪರ್ಕಿಸಿದೆ. ಕಾರಿನ ಮೇಲೆ ಸಾಲ ಬಾಕಿ ಇದೆಯಾ, ಟ್ರಾಫಿಕ್ ದಂಡ ಉಳಿದಿದೆಯಾ, ಕಳುವಿನ ದೂರು ಇದೆಯಾ ಅಂತ ಮೊದಲು ಆನ್‌ಲೈನ್‌ನಲ್ಲಿ ನೋಡಿದರು. ನಂತರ ಅವರದೇ ಟೋಯಿಂಗ್ ಗಾಡಿ ಮನೆ ಬಾಗಿಲಿಗೆ ಬಂತು. ಕೇಂದ್ರದಲ್ಲಿ ಮೊದಲು ತೂಕ, ಕೆ.ಜಿ. ಲೆಕ್ಕದಲ್ಲಿ ಬೆಲೆ, ದುಡ್ಡು ನೇರ ಬ್ಯಾಂಕ್ ಖಾತೆಗೆ. ಒಟ್ಟು ಕೈಗೆ ಬಂದಿದ್ದು 20 ಸಾವಿರದ ಆಸುಪಾಸು. ಒಂದೇ ಅಸಮಾಧಾನ ಅಂದರೆ ಫೋನಿನಲ್ಲಿ ಹೇಳಿದ ರೇಟು ಅಲ್ಲಿಗೆ ಹೋದ ಮೇಲೆ ಇಳಿಯಿತು. ಬ್ಯಾಟರಿ ಸತ್ತಿದೆ, ಅಲಾಯ್ ವೀಲ್ ಇಲ್ಲ ಅಂತ ಕಾರಣ ಕೊಟ್ಟರು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು ಅಲ್ವಾ? ಒಂದು ಮಾರ್ಕ್ ಕಡಿದಿದ್ದು ಅದಕ್ಕೇ.

ಬಾನೆಟ್ ಎತ್ತಿ ಚಾಸಿ ನಂಬರ್ ಇರುವ ಜಾಗಕ್ಕೆ ಒಬ್ಬ ಹುಡುಗ ಗ್ರೈಂಡರ್ ಹಿಡಿದ. ಕಿಡಿ ಹಾರಿ, ಅಂಗೈ ಉದ್ದದ ತಗಡಿನ ತುಂಡು ಕೈಗೆ ಬಂತು. ಅದರ ಮೇಲೆ ನಂಬರ್ ಹಾಗೇ ಇತ್ತು. ಫೋಟೋ ತೆಗೆದು, ಚೀಟಿ ಕಟ್ಟಿ ಒಳಗಿಟ್ಟರು. ಆ ತುಂಡನ್ನು ಆರು ತಿಂಗಳು ಜೋಪಾನವಾಗಿ ಇಡಬೇಕು ಅಂತ ಗುಜರಿ ಕೇಂದ್ರಗಳ 2021ರ ನಿಯಮವೇ ಹೇಳುತ್ತದೆ. ಪಕ್ಕದಲ್ಲಿ ಇನ್ನೊಂದು ಕಾರಿನಿಂದ ಆಯಿಲ್, ಕೂಲೆಂಟ್, ಎಸಿ ಗ್ಯಾಸ್ ಬೇರೆ ಬೇರೆಯಾಗಿ ತೆಗೆಯುತ್ತಿದ್ದರು. ನೆಲಕ್ಕೆ ಒಂದು ಹನಿ ಚೆಲ್ಲಿರಲಿಲ್ಲ.

ಬೀದಿ ಗುಜರಿಯವನು ಇದಕ್ಕಿಂತ ಎರಡು ಮೂರು ಸಾವಿರ ಜಾಸ್ತಿ ಕೊಡುತ್ತೇನೆ ಅಂದಿದ್ದ. ಆದರೆ ಅಲ್ಲಿ ಎಂಜಿನ್ ಒಂದು ಕಡೆ, ಬಾಡಿ ಒಂದು ಕಡೆ ಹೋಗುತ್ತದೆ, ಆರ್‌ಸಿ ಮಾತ್ರ ನಿಮ್ಮ ಹೆಸರಲ್ಲೇ ಉಳಿದುಬಿಡುತ್ತದೆ. ನಾಳೆ ಆ ನಂಬರಿನಲ್ಲಿ ಯಾವುದೋ ಗಾಡಿ ಅಪಘಾತ ಮಾಡಿದರೆ ಪೊಲೀಸರು ಬರೋದು ನಿಮ್ಮ ಮನೆಗೆ. ಮಾನ್ಯತೆ ಇರುವ ಕೇಂದ್ರ ಸಿ.ಡಿ., ಅಂದರೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಕೊಡುತ್ತದೆ (ಗಾಡಿ ಗುಜರಿಗೆ ಕೊಟ್ಟಿದ್ದಕ್ಕೆ ದಾಖಲೆ, ಹೊಸ ಕಾರಿನ ರಿಯಾಯಿತಿಗೆ ಇದೇ ಆಧಾರ), ನೋಂದಣಿಯನ್ನೂ ರದ್ದು ಮಾಡಿಸುತ್ತದೆ. ಈ ನೆಮ್ಮದಿಗಾಗಿ ಎರಡು ಮೂರು ಸಾವಿರ ಬಿಟ್ಟುಕೊಡಬಹುದು.

ಇನ್ನು ದುಡ್ಡಿನ ವಿಷಯ. ನನಗೆ ತಕರಾರು ಇರೋದು ಇಲ್ಲಿ.

2021ರ ಆಗಸ್ಟ್ 13ರಂದು ಪ್ರಧಾನಿ ಚಾಲನೆ ಕೊಟ್ಟ ಹಳೇ ವಾಹನಗಳ ಈ ಗುಜರಿ ನೀತಿಯಲ್ಲಿ ಸರ್ಕಾರ ಹೇಳಿದ್ದ ಲಾಭಗಳು ಕೇಳಲು ಚೆನ್ನಾಗಿದ್ದವು. ಹೊಸ ಗಾಡಿಯ ಎಕ್ಸ್-ಶೋರೂಮ್ ಬೆಲೆಯ ಶೇ 4ರಿಂದ 6ರಷ್ಟು ಗುಜರಿ ಬೆಲೆ, ಸ್ವಂತ ವಾಹನದ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ, ನೋಂದಣಿ ಶುಲ್ಕ ಮಾಫಿ, ಕಂಪನಿಗಳಿಂದ ಶೇ 5ರ ರಿಯಾಯಿತಿ. ಇದರಲ್ಲಿ ಕೊನೆಯದು ಬರೀ ಸಲಹೆ, ಕಡ್ಡಾಯ ಅಲ್ಲ. 2024ರ ಆಗಸ್ಟ್‌ನಲ್ಲಿ ಕಾರು ಕಂಪನಿಗಳು ಕೊನೆಗೂ ಒಪ್ಪಿಕೊಂಡಿದ್ದು ಶೇ 1.5 ಅಥವಾ 20 ಸಾವಿರ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಅದೂ ಹಿಂದಿನ ಆರು ತಿಂಗಳಲ್ಲಿ ಗುಜರಿಗೆ ಹಾಕಿದ ಗಾಡಿಗೆ ಮಾತ್ರ, ಒಂದು ವರ್ಷದ ಮಟ್ಟಿಗೆ. 6 ಲಕ್ಷದ ಕಾರಿಗೆ ಲೆಕ್ಕ ಹಾಕಿ: 9,000 ರೂಪಾಯಿ. ಪೂರ್ತಿ 20 ಸಾವಿರ ಸಿಗಬೇಕಾದರೆ 13 ಲಕ್ಷ ದಾಟಿದ ಕಾರು ಕೊಳ್ಳಬೇಕು. ಅಂದರೆ ಜಾಸ್ತಿ ದುಡ್ಡಿರುವವರಿಗೆ ಜಾಸ್ತಿ ರಿಯಾಯಿತಿ.

ತೆರಿಗೆ ರಿಯಾಯಿತಿ ಎಷ್ಟು ಅಂತ ಆಯಾ ರಾಜ್ಯವೇ ತೀರ್ಮಾನಿಸುತ್ತದೆ. ಶೇ 25 ಅನ್ನೋದು ಮೇಲಿನ ಮಿತಿ ಅಷ್ಟೇ. ನಮ್ಮಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆಯೇ ಶೇ 14, ಮೇಲೆ ಸೆಸ್ ಬೇರೆ. ಇಷ್ಟು ತೆರಿಗೆ ಇರುವ ಕರ್ನಾಟಕದಲ್ಲಿ ಈ ರಿಯಾಯಿತಿಯೇ ದೊಡ್ಡ ಆಕರ್ಷಣೆ ಆಗಬೇಕಿತ್ತು. ಆದರೆ ನಾನು ವಿಚಾರಿಸಿದ ಶೋರೂಮಿನಲ್ಲಿ ಸೇಲ್ಸ್ ಹುಡುಗನಿಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ. ಅವನ ಕೊಟೇಶನ್‌ನಲ್ಲಿ ಕಾರ್ಪೊರೇಟ್ ಡಿಸ್ಕೌಂಟ್‌ಗೆ ಸಾಲಿತ್ತು, ಎಕ್ಸ್‌ಚೇಂಜ್ ಬೋನಸ್‌ಗೆ ಸಾಲಿತ್ತು, ಸಿ.ಡಿ.ಗೆ ಇರಲಿಲ್ಲ. ಕೇಳಿದ ಮೇಲೆ ಮ್ಯಾನೇಜರ್ ಹತ್ತಿರ ಓಡಿದ.

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಜಿಎಸ್‌ಟಿ ಜೊತೆಗಿದ್ದ ಸೆಸ್ಸೂ ಹೋಯಿತು. ಹಿಂದೆ 6 ಲಕ್ಷ ಇದ್ದ ಪೆಟ್ರೋಲ್ ಕಾರಿಗೆ ಇದರಿಂದಲೇ 50 ಸಾವಿರದಷ್ಟು ಕಡಿಮೆ ಆಗಬೇಕು. ಯಾವ ಹಳೇ ಗಾಡಿಯನ್ನೂ ಕೊಡದೆ ಎಲ್ಲರಿಗೂ ಸಿಗುವ ಲಾಭ ಅದು. ಅದರ ಮುಂದೆ ಈ 9,000 ಯಾರನ್ನು ಶೋರೂಮಿಗೆ ಎಳೆದು ತರುತ್ತದೆ ಹೇಳಿ? ಮೊದಲೇ ಕೊಳ್ಳಲು ಹೊರಟವರ ಜೇಬಿಗೆ ಬೀಳುತ್ತದೆ, ಅಷ್ಟೇ.

ಇನ್ನೊಂದು ಕಡೆಯಿಂದ ನೋಡಿ. ಓಡುತ್ತಿರುವ 2010ರ ಸ್ವಿಫ್ಟ್ ನಿಮ್ಮ ಹತ್ತಿರ ಇದೆ ಅನ್ನಿ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅದಕ್ಕೆ ಲಕ್ಷದ ಮೇಲೆ ಸಿಗುತ್ತದೆ. ಗುಜರಿಗೆ ಹಾಕಿದರೆ 20-25 ಸಾವಿರ. ಎಕ್ಸ್‌ಚೇಂಜ್ ಬೋನಸ್ಸೂ ಗುಜರಿ ರಿಯಾಯಿತಿಯೂ ಒಟ್ಟಿಗೆ ಸಿಗೋದಿಲ್ಲ. ಬುದ್ಧಿ ಇರುವ ಯಾರಾದರೂ ಮಾರುತ್ತಾರೆ. ಬೆಂಗಳೂರಿನ ಆ ಕಾರು ಇನ್ಯಾವುದೋ ಊರಿಗೆ ಹೋಗಿ ಇನ್ನೂ ಏಳೆಂಟು ವರ್ಷ ಓಡುತ್ತದೆ. ಗುಜರಿ ಕೇಂದ್ರಕ್ಕೆ ಬರೋದು ನನ್ನದರಂತೆ ಕವರ್ ಹೊದ್ದು ನಿಂತ ಕಾರುಗಳು. ನಿಂತ ಕಾರು ಹೊಗೆಯನ್ನೇ ಬಿಡುತ್ತಿರಲಿಲ್ಲವಲ್ಲ! ಗಾಳಿ ಶುದ್ಧ ಮಾಡುತ್ತೇವೆ ಅಂತ ಶುರುವಾದ ಯೋಜನೆಗೆ ಇದು ಸಣ್ಣ ಕೊರತೆ ಅಲ್ಲ.

ನಮ್ಮ ಬೀದಿಗೆ ತರಕಾರಿ ತರುವವರ ಹಳೇ ಓಮ್ನಿ ದಿನಾ ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಬರುತ್ತದೆ, ಹೊಗೆ ಕಪ್ಪಗೆ. ಈ ಯೋಜನೆ ಇರಬೇಕಾದದ್ದು ಅಂಥವರಿಗೆ. ಅವರಿಗೆ ವಿವರ ಹೇಳಿದೆ. "ಅಣ್ಣಾ, ಇಪ್ಪತ್ತು ಸಾವಿರ ಇಸ್ಕೊಂಡು ಗಾಡಿ ಕೊಟ್ಬಿಟ್ರೆ ನಾಳೆ ಮಾರ್ಕೆಟ್ಟಿಗೆ ಯಾವುದ್ರಲ್ಲಿ ಹೋಗ್ಲಿ? ಹೊಸದು ತಗೊಳೋ ಶಕ್ತಿ ಇದ್ದಿದ್ರೆ ಇದನ್ನ ಯಾಕೆ ಓಡಿಸ್ತಿದ್ದೆ?" ಅಂದರು. ಅವರು ಕೊಂಡರೂ ಇನ್ನೊಂದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ಕೊಳ್ಳುತ್ತಾರೆ. ಅದಕ್ಕೆ ಈ ರಿಯಾಯಿತಿ ಯಾವುದೂ ಇಲ್ಲ. ನವೀಕರಣ ಶುಲ್ಕದ ಏಟು ಮಾತ್ರ ಅವರಿಗೂ ಬೀಳುತ್ತದೆ.

ದೇಶದ ಅಂಕಿಯೂ ಇದನ್ನೇ ಹೇಳುತ್ತದೆ. ಸಾರಿಗೆ ಸಚಿವ ನಿತಿನ್ ಗಡ್ಕರಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ ಪ್ರಕಾರ ಅಲ್ಲಿಯವರೆಗೆ ಗುಜರಿಗೆ ಹೋಗಿದ್ದು 3 ಲಕ್ಷ ವಾಹನ, ಅದರಲ್ಲಿ 1.41 ಲಕ್ಷ ಸರ್ಕಾರದ್ದೇ. ಸರ್ಕಾರಿ ಗಾಡಿಗಳು 15 ವರ್ಷಕ್ಕೆ ಕಡ್ಡಾಯವಾಗಿ ಹೋಗಲೇಬೇಕು, ಅದಕ್ಕೆ ಪ್ರೋತ್ಸಾಹ ಬೇಕಿಲ್ಲ. 97 ಲಕ್ಷ ಹಳೇ ವಾಹನಗಳು ಹೋದರೆ 40 ಸಾವಿರ ಕೋಟಿ ಜಿಎಸ್‌ಟಿ ಬರುತ್ತದೆ, 70 ಲಕ್ಷ ಉದ್ಯೋಗ ಸೃಷ್ಟಿಯಾಗುತ್ತದೆ ಅಂತಲೂ ಅವರು ಹೇಳಿದ್ದರು. ಹಳೇದನ್ನು ಬಿಟ್ಟವರು ಹೊಸದನ್ನು ಕೊಂಡರೆ ತಾನೇ ಆ ಜಿಎಸ್‌ಟಿ ಬರೋದು? ಆ ಓಮ್ನಿ ಮಾಲೀಕರಂಥವರನ್ನು ಈ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತೀರಿ?

ಹಾಗಾದರೆ ದುಡ್ಡು ಸುರಿದುಬಿಟ್ಟರೆ ಸರಿಹೋಗುತ್ತದಾ? ಸುರಿದವರ ಕಥೆಯೂ ಗೊತ್ತಿದೆ. 2009ರ ಆರ್ಥಿಕ ಕುಸಿತದಲ್ಲಿ ಜರ್ಮನಿ ಒಂದೊಂದು ಹಳೇ ಕಾರಿಗೆ 2,500 ಯೂರೋ ಕೊಟ್ಟಿತು. ಒಟ್ಟು 500 ಕೋಟಿ ಯೂರೋ, ಸುಮಾರು 20 ಲಕ್ಷ ಕಾರು. ಬ್ರಿಟನ್ 2,000 ಪೌಂಡ್ ಕೊಡಿಸಿತು, ಅರ್ಧ ಸರ್ಕಾರದ್ದು, ಅರ್ಧ ಕಂಪನಿಗಳದ್ದು. ಅಲ್ಲಿ ಚೆನ್ನಾಗಿ ಲಾಭ ಮಾಡಿಕೊಂಡ ಕಾರುಗಳಲ್ಲಿ ಒಂದು ಹ್ಯುಂಡೈ ಐ10, ಅದು ತಯಾರಾಗುತ್ತಿದ್ದುದು ನಮ್ಮ ಪಕ್ಕದ ಚೆನ್ನೈ ಹತ್ತಿರ. ಯಾರೋ ಕಟ್ಟಿದ ತೆರಿಗೆ ದುಡ್ಡಿನಲ್ಲಿ ಇನ್ಯಾವುದೋ ದೇಶದ ಕಾರ್ಖಾನೆ ಓಡಿತು. ಅಮೆರಿಕ 300 ಕೋಟಿ ಡಾಲರ್ ಖರ್ಚು ಮಾಡಿ ಸುಮಾರು 6.77 ಲಕ್ಷ ಕಾರು ವಾಪಸ್ ಪಡೆಯಿತು. ಎಂಜಿನ್‌ಗೆ ಸೋಡಿಯಂ ಸಿಲಿಕೇಟ್ ಸುರಿದು ಅದು ಮತ್ತೆ ಓಡದಂತೆ ಮಾಡಿದರು. ಅತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಅನ್ನೋ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ತೆಗೆದರು. ಯೋಜನೆ ನಡೆದ ಎರಡು ತಿಂಗಳಲ್ಲಿ ಹೆಚ್ಚುವರಿಯಾಗಿ ಮಾರಾಟವಾಗಿದ್ದು ಸುಮಾರು 3.7 ಲಕ್ಷ ಕಾರು. ಮುಂದಿನ ತಿಂಗಳುಗಳಲ್ಲಿ ಮಾರಾಟ ಅಷ್ಟೇ ಇಳಿದು, 2010ರ ಮಾರ್ಚ್ ಹೊತ್ತಿಗೆ ಆ ಹೆಚ್ಚಳ ಪೂರ್ತಿ ಕರಗಿಹೋಗಿತ್ತು. ನಾಳೆ ಕೊಳ್ಳುವವರು ಇವತ್ತೇ ಕೊಂಡರು, ಹೊಸ ಗಿರಾಕಿ ಹುಟ್ಟಲಿಲ್ಲ. ಜೊತೆಗೆ, ಬಡವರು ಕೊಳ್ಳಬಹುದಾಗಿದ್ದ ಎಷ್ಟೋ ಓಡುವ ಕಾರುಗಳು ಪುಡಿಯಾದವು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ರಿಯಾಯಿತಿಯ ಮೊತ್ತ ಏರಿಸುವ ಮೊದಲು ಅದು ಯಾರಿಗೆ ಸಿಗಬೇಕು ಅನ್ನೋದನ್ನು ಬದಲಾಯಿಸಿ. ದಿನಾ ಓಡುವ, ದುಡಿಯುವ ಹಳೇ ಗಾಡಿಗೆ ಜಾಸ್ತಿ ಕೊಡಿ, ನಿಂತ ಗಾಡಿಗೆ ಕಡಿಮೆ ಕೊಡಿ, ನನ್ನದಕ್ಕೂ ಕಡಿಮೆಯೇ ಕೊಡಿ. ಐದಾರು ವರ್ಷ ಹಳೆಯ ಬಿಎಸ್-6 (ಕಡಿಮೆ ಹೊಗೆ ಬಿಡುವ ಹೊಸ ಮಾನದಂಡದ) ಗಾಡಿ ಕೊಂಡರೂ ಸಿ.ಡಿ. ನಡೆಯುವ ಹಾಗೆ ಮಾಡಿ. 2025ರ ಏಪ್ರಿಲ್‌ನಿಂದ ವಾಹನ ಕಂಪನಿಗಳು ಹಳೇ ಗಾಡಿಗಳಿಂದ ಇಂತಿಷ್ಟು ಉಕ್ಕು ಮರುಬಳಕೆ ಮಾಡಿಸಲೇಬೇಕು ಅನ್ನೋ ನಿಯಮ ಬಂದಿದೆ. ಆ ಲೆಕ್ಕದ ಪ್ರಮಾಣಪತ್ರವನ್ನು ಗುಜರಿ ಕೇಂದ್ರಗಳು ಕಂಪನಿಗಳಿಗೆ ಮಾರಬಹುದು. ಹೀಗೆ ಕೇಂದ್ರಕ್ಕೆ ಉಕ್ಕಿನ ಜೊತೆ ಇನ್ನೊಂದು ಆದಾಯ ಬರುವಾಗ, ಅದರಲ್ಲಿ ಒಂದು ಪಾಲು ಮಾಲೀಕರಿಗೂ ಬರಬೇಕು. ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಕೈಯಿಂದಲೇ ಎಂಜಿನ್ ಬಿಚ್ಚಿ ಬದುಕುವ ಮೆಕ್ಯಾನಿಕ್‌ಗಳಿಗೂ ಈ ಕೇಂದ್ರಗಳಲ್ಲಿ ಜಾಗ ಸಿಗಬೇಕು. ಬೋಲ್ಟ್ ಕತ್ತರಿಸದೆ ಗೇರ್‌ಬಾಕ್ಸ್ ಇಳಿಸುವ ಕೈಚಳಕ ಅವರಿಗಿದೆ.

ನೀವು ಕೊಡುವುದಾದರೆ ಕೆಲವು ಮಾತು. ಟ್ರಾಫಿಕ್ ದಂಡ ಮೊದಲೇ ಕಟ್ಟಿ ಮುಗಿಸಿ. ನಮ್ಮ ರಾಜ್ಯದಲ್ಲಿ ಆಗಾಗ ಶೇ 50 ರಿಯಾಯಿತಿ ಬಿಡುತ್ತಾರೆ, 2025ರ ಆಗಸ್ಟ್‌ನಲ್ಲೂ ಬಿಟ್ಟಿದ್ದರು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ತೆಗೆಸಿ. ರೇಟನ್ನು ಬ್ಯಾಟರಿ, ಟೈರ್ ಸ್ಥಿತಿ ಸಮೇತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ಸುಮ್ನೆ ಬಾಯಿಮಾತು ಬೇಡ. ಓಡುವ ಸ್ಥಿತಿಯಲ್ಲಿದ್ದರೆ ಮಾರಾಟದ ಬೆಲೆ ವಿಚಾರಿಸದೆ ಕೊಡಬೇಡಿ. ಹೊಸ ಕಾರು ಬುಕ್ ಮಾಡುವಾಗ ಸಿ.ಡಿ. ರಿಯಾಯಿತಿ ಇನ್ನೂ ಇದೆಯಾ ಅಂತ ಕೇಳಿ, ಇದ್ದರೆ ಅದನ್ನೂ ತೆರಿಗೆ ಕಡಿತವನ್ನೂ ಕೊಟೇಶನ್‌ನಲ್ಲೇ ಹಾಕಿಸಿ. ಹೊಸ ಕಾರು ಬೇಡ ಅನ್ನುವವರು ಸಿ.ಡಿ.ಯನ್ನು ಎಸೆಯಬೇಡಿ. ಅದನ್ನು ಬೇರೆಯವರಿಗೆ ಮಾರಲು ಕಾನೂನಿನಲ್ಲೇ ಅವಕಾಶ ಇದೆ, ಆನ್‌ಲೈನ್ ವ್ಯವಸ್ಥೆಯೂ ಇದೆ. ಇದನ್ನು ಕೇಂದ್ರದವರು ನನಗೆ ಹೇಳಲಿಲ್ಲ, ನಾನೇ ಕೇಳಿ ತಿಳಿದುಕೊಂಡೆ.