ಚಿಪ್‌ಗೆ 22 ಸಾವಿರ, ಸೀಮೆಸುಣ್ಣಕ್ಕೆ 40: ನಮ್ಮೂರ ಓಟದ ನಾಲ್ಕು ಬಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬಿಟ್ಟೋಟಕ್ಕೆ, ಅಂದರೆ ನಿಧಾನದವರನ್ನು ಮೊದಲು ಬಿಟ್ಟು ಜೋರಿನವರನ್ನು ಕೊನೆಗೆ ಬಿಡುವ ಓಟಕ್ಕೆ. ಉಳಿದ ಮೂರನ್ನೂ ಒಂದೊಂದು ವರ್ಷ ಓಡಿಸಿ, ಬೈಸಿಕೊಂಡು, ದುಡ್ಡು ಕಳೆದುಕೊಂಡು ಆಮೇಲೆ ಇಲ್ಲಿಗೆ ಬಂದವನು ನಾನು. ಹಾಗಾಗಿ ತಕ್ಕಡಿ ಸಮ ಇರುತ್ತದೆ ಅಂದುಕೊಳ್ಳಬೇಡಿ.

ನಮ್ಮದು ಕೊಡಗಿನ ಸಿದ್ದಾಪುರ ಕಡೆಯ ಸಣ್ಣ ಊರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದ ಮೇಲಿನ ಭಾನುವಾರ ಆಟೋಟ. ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಹಗ್ಗಜಗ್ಗಾಟ ಅಂದರೆ ಜನ ಮುಗಿಬೀಳುತ್ತಾರೆ. ಓಟದ ಹೊತ್ತಿಗೆ ಮಾತ್ರ ಎಲ್ಲರೂ ಊಟದ ಸಾಲಿನಲ್ಲಿ. ನಾನು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ದಿನಾ ಚೆಕ್‌ರೋಲ್, ಅದೇ ಆಳುಗಳ ಹಾಜರಿ ಪಟ್ಟಿ, ಬರೆಯುವ ಕೈ ಅಲ್ವಾ ಅಂತ ಓಟದ ಲೆಕ್ಕವನ್ನೂ ನನ್ನ ತಲೆಗೇ ಕಟ್ಟಿದರು. ಶಾಲೆ ಮೈದಾನದಿಂದ ಹೊರಟು, ತೋಟದ ರಸ್ತೆ ಸುತ್ತಿ, ಮತ್ತೆ ಮೈದಾನಕ್ಕೆ. 900 ಮೀಟರ್, ಐದು ಸುತ್ತು. ಬೆಳಿಗ್ಗೆ ಒಂಬತ್ತೂವರೆಗೆ ಮುಂಚೆ ಶುರು ಮಾಡುವುದಿಲ್ಲ. ಆನೆ ಯಾವ ತೋಟದಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಬರಬೇಕು, ಆಮೇಲೆ ಸೀಟಿ.

ಮೊದಲ ವರ್ಷ ಓಟಕ್ಕೆ ಕಳೆ ಬರಬೇಕು ಅಂತ ಚಿಪ್ ತರಿಸಿದೆವು. ಎದೆಗೆ ಕಟ್ಟುವ ನಂಬರ್ ಹಿಂದೆ ಚಿಪ್, ಗೆರೆ ಮೇಲೆ ಅದನ್ನು ಓದಿ ಸಮಯ ಹಿಡಿಯುವ ಮ್ಯಾಟು, ಬೆಂಗಳೂರಿನಿಂದ ಇಬ್ಬರು ಹುಡುಗರು. ಬಾಡಿಗೆ, ಅವರ ಬಸ್ ಚಾರ್ಜು ಎಲ್ಲ ಸೇರಿ 22 ಸಾವಿರ. ಮಳೆ ಹನಿಯಿತು. ಅರ್ಧ ಜನ ಜರ್ಕಿನ್ ಹಾಕಿಕೊಂಡರು, ಅದರೊಳಗಿದ್ದ ಕೆಲವು ಚಿಪ್ ಓದಲೇ ಇಲ್ಲ. ಅದನ್ನು ಬೇಕಾದರೆ ಕ್ಷಮಿಸಬಹುದು. ಪಿಯುಸಿ ಓದುವ ಒಬ್ಬ ಹುಡುಗ ಎರಡನೇ ಸುತ್ತಿಗೇ ಕಣ್ಣಿಗೆ ಕಾಣದಷ್ಟು ಮುಂದೆ ಹೋದ. ಎರಡನೆಯವನಿಗಿಂತ ಮೂರು ನಿಮಿಷ ಮೊದಲು ಬಂದು ನೀರು ಕುಡಿಯುತ್ತಾ ಕೂತ. ಸೆಕೆಂಡಿನ ನೂರನೇ ಒಂದು ಭಾಗದ ತನಕ ಲೆಕ್ಕ ಇತ್ತು, ನೋಡಲು ಒಬ್ಬನೂ ಇರಲಿಲ್ಲ. ಯಾರು ಗೆಲ್ಲುತ್ತಾರೆ ಅಂತ ಓಟಕ್ಕೆ ಮುಂಚೆಯೇ ಇಡೀ ಊರಿಗೆ ಗೊತ್ತಿದ್ದರೆ ಗಡಿಯಾರ ಎಷ್ಟು ಸೂಕ್ಷ್ಮ ಇದ್ದರೆ ಏನು ಬಂತು?

ಮುಂದಿನ ವರ್ಷ ಪಾಯಿಂಟ್. ಸೈಕಲ್ ಟ್ರ್ಯಾಕ್ ರೇಸ್‌ನಲ್ಲಿ ಹತ್ತು ಸುತ್ತಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಕೊಡುತ್ತಾರೆ, ಕೊನೆಯದಕ್ಕೆ ಅದರ ಎರಡರಷ್ಟು. ನಾವು ಸುತ್ತಿಗೊಮ್ಮೆ ಕೊಟ್ಟೆವು. ಓಡುವವರಿಗೆ ಇದು ಒಳ್ಳೆಯದೇ. ಇಡೀ ದೂರ ತಾಳುವ ಶಕ್ತಿ ಇಲ್ಲದವನೂ ಒಂದು ಸುತ್ತು ಜೀವ ಬಿಟ್ಟು ಓಡಿ ಐದು ಪಾಯಿಂಟ್ ಎತ್ತಿಕೊಂಡು ಆಮೇಲೆ ನಡೆಯಬಹುದು. ನಿಂತು ನೋಡುವವರಿಗೆ ಮಾತ್ರ ತಲೆಬುಡ ಗೊತ್ತಾಗಲಿಲ್ಲ. ನಾನು ಮೈಕ್ ಹಿಡಿದು ಕೂಗುತ್ತಿದ್ದೆ, ಪಕ್ಕದಲ್ಲಿ ಒಬ್ಬ ಕಪ್ಪು ಹಲಗೆ ಒರೆಸಿ ಬರೆಯುತ್ತಿದ್ದ, ಮಳೆ ಅವನಿಗಿಂತ ಚೆನ್ನಾಗಿ ಒರೆಸುತ್ತಿತ್ತು. ಮೂರು ನಿಮಿಷ ಮುಂದಿದ್ದ ಹುಡುಗ ಆ ವರ್ಷ ಪರೀಕ್ಷೆ ಅಂತ ಬಂದಿರಲಿಲ್ಲ. ಕೊನೆಗೆ ಗೆರೆ ಮೊದಲು ದಾಟಿದವನು ಒಬ್ಬ, ಕಪ್ ಇನ್ನೊಬ್ಬನಿಗೆ.

"ಮೊದಲು ಬಂದವನಿಗೆ ಕಪ್ ಇಲ್ಲ ಅಂದ್ರೆ ಇದು ಎಂಥ ಓಟ ಮಾರಾಯ?" ಅಂತ ನಮ್ಮ ಭಾವ ಎಲ್ಲರೆದುರಿಗೇ ಕೇಳಿದರು. ಅವರಿಗೆ 1988ರ ಫಾರ್ಮುಲಾ ಒನ್ ಕಾರ್ ರೇಸಿನ ಕಥೆ ಹೇಳಿದೆ. ಆಗ 16 ರೇಸ್‌ಗಳಲ್ಲಿ ಚೆನ್ನಾಗಿ ಬಂದ 11 ಮಾತ್ರ ಲೆಕ್ಕಕ್ಕೆ. ಪ್ರೋಸ್ಟ್ ಎಂಬ ಚಾಲಕ ಒಟ್ಟು 105 ಪಾಯಿಂಟ್ ಗಳಿಸಿದ್ದರು, ಅವರ ಎದುರಾಳಿ ಸೆನ್ನಾ 94. ಬೇಡದ್ದನ್ನು ಕಳೆದಾಗ ಪ್ರೋಸ್ಟ್‌ಗೆ 87, ಸೆನ್ನಾಗೆ 90. ಚಾಂಪಿಯನ್ ಸೆನ್ನಾ. ಭಾವ ಪೂರ್ತಿ ಕೇಳಿಸಿಕೊಂಡು, "ಅದನ್ನ ಅಲ್ಲೇ ಇಟ್ಕೊಳ್ಳಲಿ" ಎಂದರು. ಪಾಯಿಂಟ್ ಅಲ್ಲಿಗೆ ಮುಗಿಯಿತು. ಇಡೀ ವರ್ಷ ನಡೆಯುವ ಸರಣಿಗೆ ಅದು ಸರಿ. ಅರ್ಧ ಗಂಟೆಯ ಓಟಕ್ಕೆ ಕಣ್ಣಿಗೆ ಕಾಣುವ ಲೆಕ್ಕವೇ ಬೇಕು.

ಮೂರನೇ ವರ್ಷ "ಕಡೆಯವನು ಔಟ್". ಇದೂ ಸೈಕಲ್‌ನವರದ್ದೇ, ಅಲ್ಲಿ ಎರಡು ಸುತ್ತಿಗೊಮ್ಮೆ ಕೊನೆಯವನನ್ನು ಹೊರಗೆ ಹಾಕುತ್ತಾರೆ. ನಾವು ಮೈದಾನದೊಳಗೇ 300 ಮೀಟರ್ ಸುತ್ತು ಹಾಕಿ, ಪ್ರತಿ ಸುತ್ತಿಗೆ ಕೊನೆಯ ಇಬ್ಬರನ್ನು ತೆಗೆದೆವು. 24 ಜನ, 12 ಸುತ್ತು.

ಹೇಳಲೇಬೇಕು, ಊಟದ ಸಾಲು ಮೊದಲ ಸಲ ಖಾಲಿ ಆಯಿತು. ಮಜಾ ಎಂದರೆ ಯಾರೂ ಮುಂದಿನವನನ್ನು ನೋಡುತ್ತಿರಲಿಲ್ಲ, ಕಿರುಚಾಟವೆಲ್ಲ ಹಿಂದಿನವರಿಗೆ. ನಾಕೌಟ್ ನಮ್ಮವರ ರಕ್ತದಲ್ಲೇ ಇದೆ. ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದದ್ದು ಈಗ ಎಷ್ಟು ದೊಡ್ಡದಾಗಿದೆ ನೋಡಿ. ಸೋತ ಮನೆಯವರೂ ಬಂದು ಬೇರೆಯವರ ಆಟ ನೋಡುತ್ತಾರೆ. ಆದರೆ ಹಾಕಿಯಲ್ಲಿ ಸೋಲುವವನಿಗೂ ಒಂದು ಪೂರ್ತಿ ಆಟ ಸಿಗುತ್ತದೆ. ಇಲ್ಲಿ ಹೊಸ ಬೂಟು ಕೊಂಡು, ಹಿಂದಿನ ದಿನ ಕೋಳಿ ಬಿಟ್ಟು ಅನ್ನ ತಿಂದು ಬಂದ ನಮ್ಮ ಮೇಷ್ಟ್ರು ಒಂದೂವರೆ ನಿಮಿಷಕ್ಕೆ ಔಟ್. ತೋಟದ ಕೆಲಸದವರ ಲೈನ್ ಮನೆಯಿಂದ ಬಂದಿದ್ದ ಇಬ್ಬರು ಹೆಂಗಸರು ಎರಡನೇ ಸುತ್ತಿಗೆ. ಮುಂದಿನ ವರ್ಷ ಹೆಸರು ಕೊಡಿ ಎಂದರೆ ಮೇಷ್ಟ್ರು ನಕ್ಕು ಸುಮ್ಮನಾದರು. ಯಾರು ಓಟಕ್ಕೆ ಬಂದರೆ ಊರಿಗೆ ಖುಷಿಯೋ ಅವರನ್ನೇ ಮೊದಲು ಮನೆಗೆ ಕಳಿಸುವ ಪದ್ಧತಿ ಇದು. ನೋಡಲು ಹತ್ತಕ್ಕೆ ಹತ್ತು, ಓಡಲು ಎರಡು.

ಇನ್ನು ಬಿಟ್ಟೋಟ. ನಿಧಾನದವರನ್ನು ಮೊದಲು ಬಿಡುವುದು, ಜೋರಿನವರನ್ನು ಕೊನೆಗೆ. ಗೆರೆ ಮೊದಲು ದಾಟಿದವರು ಗೆದ್ದರು, ಅಷ್ಟೇ. ಒಬ್ಬರಿಗೆ 36 ನಿಮಿಷ ಬೇಕು, ಆ ಹುಡುಗನಿಗೆ 17. ಅವರು ಒಂಬತ್ತೂವರೆಗೆ ಹೊರಟರೆ ಇವನು 9:49ಕ್ಕೆ. ಲೆಕ್ಕ ಸರಿಯಿದ್ದರೆ 10:06ಕ್ಕೆ ಎಲ್ಲರೂ ಗೆರೆ ಹತ್ತಿರ ಗುಂಪಾಗಿ ಬರಬೇಕು. ಯಾರಿಗೆ ಎಷ್ಟು ನಿಮಿಷ ಅಂತ ಪಟ್ಟಿ ಬೇಕಲ್ಲ? ಆ 22 ಸಾವಿರದ ಪ್ರಿಂಟ್‌ಔಟ್ ಬೀರುವಿನಲ್ಲಿ ಬಿದ್ದಿತ್ತು. ಚಿಪ್ ಕೆಲಸಕ್ಕೆ ಬಂದದ್ದು ಅವತ್ತು ಒಂದೇ ಸಲ.

ಇದೇನೂ ನನ್ನ ತಲೆಯ ಐಡಿಯಾ ಅಲ್ಲ. ಮೈಸೂರು ರೇಸ್‌ಕೋರ್ಸ್‌ಗೆ ಹೋದವರಿಗೆ ಗೊತ್ತು, ಬಲವಾದ ಕುದುರೆಯ ಬೆನ್ನಿಗೆ ಜಾಸ್ತಿ ತೂಕ ಹೊರಿಸುತ್ತಾರೆ. ಆಸ್ಟ್ರೇಲಿಯಾದ ಸ್ಟಾವೆಲ್‌ನಲ್ಲಿ 1878ರಿಂದ ಹುಲ್ಲಿನ ಮೇಲೆ ಇಂಥ ಓಟ ಇದೆ. ಅಲ್ಲಿ ನಿಮಿಷದ ಬದಲು ಮೀಟರ್, 120 ಮೀಟರ್ ಓಟದಲ್ಲಿ ನಿಧಾನದವರು ಕೆಲವು ಮೀಟರ್ ಮುಂದೆ ನಿಂತು ಹೊರಡುತ್ತಾರೆ. ಜಮೈಕಾದ ಹೆಸರಾಂತ ಓಟಗಾರ ಅಸಫಾ ಪೊವೆಲ್ 2013ರಲ್ಲಿ ಅಲ್ಲಿ ಓಡಿದರು, ಗೆಲ್ಲಲಾಗಲಿಲ್ಲ.

ಈಗ ತೊಂದರೆಗೆ ಬರುತ್ತೇನೆ. ಮೊದಲ ಸಲ ಫ್ಲೆಕ್ಸ್‌ನಲ್ಲಿ ಇಂಥ ಓಟದ ಇಂಗ್ಲಿಷ್ ಹೆಸರನ್ನೇ ಹಿಡಿದು "ಹ್ಯಾಂಡಿಕ್ಯಾಪ್ ಓಟ" ಅಂತ ಹಾಕಿಸಿದೆ. ಅಂಗವಿಕಲರಿಗೆ ಓಟ ಇಟ್ಟಿದ್ದೀರಂತೆ ಅಂತ ನಾಲ್ಕು ಕಡೆಯಿಂದ ಫೋನು. ಬಿಟ್ಟೋಟ ಅಂತ ಹೆಸರಿಟ್ಟದ್ದು ಆಮೇಲೆ. ಇದು ಸಣ್ಣದು.

ದೊಡ್ಡದು, ಜನ ಸುಳ್ಳು ಹೇಳುತ್ತಾರೆ. ಟೈರ್ ಅಂಗಡಿ ಹಾಕಿಕೊಂಡು ಹೊಸದಾಗಿ ಊರಿಗೆ ಬಂದವರೊಬ್ಬರು "ಮೂವತ್ಮೂರು ನಿಮಿಷ ಬೇಕು ರೈಟರೇ, ಹೊಟ್ಟೆ ನೋಡಿ" ಎಂದರು. ಹೊಟ್ಟೆ ನೋಡಿದೆ, 33 ಬರೆದುಕೊಂಡೆ. ಮೂರನೆಯವರಾಗಿ ಹೊರಟರು. ಹೊಟ್ಟೆ ಹಾಗೇ ಇತ್ತು, ಕಾಲು ಬೇರೆ ಯಾರದ್ದೋ ಇದ್ದ ಹಾಗೆ ಓಡಿದರು. 24 ನಿಮಿಷ 10 ಸೆಕೆಂಡು. ಉಳಿದವರು ಮೈದಾನಕ್ಕೆ ಬರುವಾಗ ಅವರು ಬಹುಮಾನದ ಪ್ರೆಶರ್ ಕುಕ್ಕರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮುಂದಿನ ವರ್ಷ ಕಟ್ಟುನಿಟ್ಟು ಮಾಡಿದೆವು. ಅಮೆರಿಕದ ಡ್ರ್ಯಾಗ್ ರೇಸ್‌ನಲ್ಲಿ ಒಂದು ಪದ್ಧತಿ ಇದೆ. ನಿಮ್ಮ ಕಾರು ಎಷ್ಟು ಸೆಕೆಂಡಿಗೆ ಓಡುತ್ತದೆ ಅಂತ ನೀವೇ ಹೇಳಬೇಕು, ಅದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ಸೋತ ಹಾಗೇ. ಅದನ್ನೇ ತಂದೆವು. ಹೇಳಿದ್ದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಗ ಬಂದರೆ ಬಹುಮಾನ ಇಲ್ಲ. ಕಾಗದದ ಮೇಲೆ ಚೆನ್ನಾಗಿತ್ತು. ಸಿಕ್ಕಿಬಿದ್ದದ್ದು ಮಾತ್ರ ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಆ ಜಡಿಮಳೆಯಲ್ಲೂ ದಿನಾ ಓಡಿ ಅಭ್ಯಾಸ ಮಾಡಿದ್ದಳು. ಹಿಂದಿನ ವರ್ಷಕ್ಕಿಂತ ಮೂರು ನಿಮಿಷ ಬೇಗ ಬಂದು, ಗೆರೆ ಮೊದಲು ದಾಟಿ, ನನ್ನ ಮುಖ ನೋಡಿದಳು. ಸುಳ್ಳು ಹೇಳಿದವರಿಗೆ ಮಾಡಿದ ಬಲೆಯಲ್ಲಿ ಕಷ್ಟಪಟ್ಟವಳು ಬಿದ್ದಿದ್ದಳು. ಅವಳಿಗೆ ಬಹುಮಾನ ಇಲ್ಲ ಅಂತ ಮೈಕ್‌ನಲ್ಲಿ ಹೇಳಿದ್ದು ನಾನೇ. ಅವಳ ಅಪ್ಪ ಏನೂ ಅನ್ನಲಿಲ್ಲ, ಅದೇ ಕಷ್ಟ ಆಯಿತು. ಸಂಜೆ ಕುಕ್ಕರ್ ಮನೆಗೆ ತಲುಪಿಸಿದೆವು. ತೆಗೆದುಕೊಂಡರು, ಆದರೆ ಆ ಚಪ್ಪಾಳೆ ವಾಪಸ್ ಬರುತ್ತದೆಯೇ?

ಈಗ ಇರುವ ಕ್ರಮ ಇಷ್ಟು. ನಮ್ಮ ಪುಸ್ತಕದಲ್ಲಿ ಸಮಯ ಇಲ್ಲದವರು ಮೊದಲ ವರ್ಷ ಸುಮ್ನೆ ಓಡಬಹುದು, ಟೀ ಉಂಟು, ಬಹುಮಾನ ಇಲ್ಲ. ಸಮಯ ಇರುವವರು ಎಷ್ಟು ಬೇಗ ಬಂದರೂ ತಪ್ಪಿಲ್ಲ, ಮುಂದಿನ ವರ್ಷ ಆ ಹೊಸ ಸಮಯಕ್ಕೇ ಬಿಡುತ್ತೇವೆ. ಬಹುಮಾನ ಎರಡು. ಗೆರೆ ಮೊದಲು ದಾಟಿದವರಿಗೆ ಕುಕ್ಕರ್, ನಿಜವಾಗಿ ಕಡಿಮೆ ಸಮಯ ತೆಗೆದುಕೊಂಡವರಿಗೆ 3,000 ರೂಪಾಯಿ. ಒಂದು ವರ್ಷ ಬೇಕೆಂದೇ ನಿಧಾನ ಓಡಿ ಮುಂದಿನ ವರ್ಷ ಕುಕ್ಕರ್ ಹೊಡೆಯುವವರು ಹೊಡೆಯಲಿ. ಒಂದು ಕುಕ್ಕರ್‌ಗೆ ಎರಡು ವರ್ಷ ಕಾಯುವ ತಾಳ್ಮೆ ಇದ್ದರೆ ಅದಕ್ಕೂ ಒಂದು ಬಹುಮಾನ ಕೊಡಬೇಕು.

ಕಳೆದ ಸಲ ಕೊನೆಯ ತಿರುವಿನಲ್ಲಿ ಒಂಬತ್ತು ಜನ ಒಟ್ಟಿಗೆ ಬಂದರು. ಗೆದ್ದದ್ದು ಸೊಸೈಟಿಯಲ್ಲಿ ಕೆಲಸ ಮಾಡುವ ಅಕ್ಕ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಮೇಷ್ಟ್ರು ಏಳನೆಯವರು. ಆ 17 ನಿಮಿಷದ ಹುಡುಗ ಮೂವತ್ತಕ್ಕೂ ಹೆಚ್ಚು ಜನರನ್ನು ದಾಟಿ ನಾಲ್ಕನೆಯವನಾದ. ತನ್ನದೇ ಸಮಯಕ್ಕಿಂತ 20 ಸೆಕೆಂಡ್ ಬೇಗ ಓಡಿದ್ದ. ಮೊದಲೆಲ್ಲ ಒಬ್ಬನೇ ಓಡುತ್ತಿದ್ದೆ ಅಣ್ಣ, ಈಗ ಹಿಡಿಯಲು ಯಾರಾದರೂ ಕಾಣುತ್ತಾರೆ ಎಂದ.

ಊರು ಊರಿನ ನಡುವೆ ಓಡಿಸುವುದಾದರೆ ತಂಡದ ಲೆಕ್ಕ ನೋಡಿ. ವಿಶ್ವ ಕ್ರಾಸ್‌ಕಂಟ್ರಿಯಲ್ಲಿ, ಅಂದರೆ ಹುಲ್ಲು ಮಣ್ಣಿನ ದಾರಿಯ ಓಟದಲ್ಲಿ, ಒಂದು ತಂಡದಿಂದ ಆರು ಜನ ಓಡಿದರೆ ಮೊದಲ ನಾಲ್ವರ ಸ್ಥಾನ ಕೂಡಿಸುತ್ತಾರೆ, ಕಡಿಮೆ ಬಂದ ತಂಡ ಗೆದ್ದಿತು. ನಾವಿನ್ನೂ ಮಾಡಿಲ್ಲ. ಗಂಟೆಗೊಮ್ಮೆ 6.7 ಕಿಲೋಮೀಟರ್ ಓಡುತ್ತಾ ಒಬ್ಬನೇ ಉಳಿಯುವ ತನಕ ನಡೆಯುವ ಓಟವೂ ಇದೆ. ರಾತ್ರಿ ತೋಟದ ರಸ್ತೆಯಲ್ಲಿ ಕೊನೆಗೆ ಉಳಿಯುವುದು ಆನೆ, ಅದು ಬೇಡ.

ನಿಮ್ಮ ಬಜೆಟ್ ಲಕ್ಷದಲ್ಲಿದ್ದು, ನೂರಾರು ಜನ ಹೊರಗಿನಿಂದ ಬರುವುದಾದರೆ ಚಿಪ್ ತೆಗೆದುಕೊಳ್ಳಿ, ನನ್ನ ಮಾತು ಕೇಳಬೇಡಿ. ಬರೇ ಹುಡುಗರ ಓಟ, ಅರ್ಧ ಗಂಟೆ ಗಲಾಟೆ ಸಾಕು ಎಂದರೆ ಕಡೆಯವನು ಔಟ್. ನಮ್ಮ ಹಾಗೆ ಬಹುಮಾನ ಸೇರಿ ಆರು ಸಾವಿರದೊಳಗೆ ಮುಗಿಸಬೇಕು, ಮೇಷ್ಟ್ರೂ ಓಡಬೇಕು ಎಂದರೆ ಶಾಲೆಯ ಗೋಡೆ ಗಡಿಯಾರ, ಒಂದು ಸೀಟಿ, 40 ರೂಪಾಯಿಯ ಸೀಮೆಸುಣ್ಣ ಸಾಕು. ಜೊತೆಗೆ ವರ್ಷ ವರ್ಷ ಪುಸ್ತಕ ಇಡುವ ಒಬ್ಬ ಬೇಕು. ಅದು ನನಗೆ ಚೆಕ್‌ರೋಲ್ ಬರೆದು ಅಭ್ಯಾಸ, ನಿಮ್ಮೂರಲ್ಲಿ ಅಂಥವರು ಇಲ್ಲದಿದ್ದರೆ ಬಿಟ್ಟೋಟಕ್ಕೆ ಕೈ ಹಾಕಬೇಡಿ.

ಈ ವರ್ಷದ ಹೆಸರು ಬರೆಸಲು ಟೈರ್ ಅಂಗಡಿಯವರು ಮೊನ್ನೆ ಬಂದಿದ್ದರು. "ಮಂಡಿ ನೋವು ರೈಟರೇ, ಒಂದೆರಡು ನಿಮಿಷ ಮುಂಚೆ ಬಿಡಿ." ಪುಸ್ತಕ ತೆಗೆದು ಅವರ ಕಡೆ ತಿರುಗಿಸಿದೆ. 24 ನಿಮಿಷ 10 ಸೆಕೆಂಡು. ಓದಿ, ನಕ್ಕು, ಸಹಿ ಹಾಕಿ ಹೋದರು. ಬಾಗಿಲ ತನಕ ಕುಂಟಿದರು, ಗೇಟಿನ ಆಚೆ ಸರಿಯಾಗಿಯೇ ನಡೆದರು.